ಬಟ್ಟೆಗೆ ಹಾಕುವ ನೀಲಿ

ಸಾಗರದ ಕಡೆಯ ಒಂದು ಹಳ್ಳಿಮನೆಯ ಜಗಲಿ. ಭೂಮಿ ಹುಣ್ಣಿಮೆಗೆ ಇನ್ನು ನಾಲ್ಕು ದಿನ. ಅಕ್ಕ ನೀರಾವರಿ ಕೆಲಸದ ಕಚೇರಿಯೊಂದರಲ್ಲಿ ಮೂವತ್ತೆಂಟು ವರ್ಷ ನಕ್ಷೆ ತೆಗೆದು ನಿವೃತ್ತಳಾದವಳು. ತಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಅವಳಿಗಿಂತ ಆರು ವರ್ಷ ಚಿಕ್ಕವನು. ಜಗಲಿಯ ಕಟ್ಟೆಯ ಮೇಲೆ ಒಂದು ಹಲಗೆ, ಅದಕ್ಕೆ ಅಂಟುಪಟ್ಟಿಯಿಂದ ಬಿಗಿದ ಕಾಗದ, ಪಕ್ಕದಲ್ಲಿ ಎರಡು ಲೋಟ ನೀರು.

ತಮ್ಮ: ಎರಡು ಲೋಟ ಯಾಕೆ?

ಅಕ್ಕ: ಒಂದು ಬ್ರಷ್ ತೊಳೆಯೋಕೆ, ಇನ್ನೊಂದು ಬಣ್ಣಕ್ಕೆ ಬೆರೆಸೋ ಚೊಕ್ಕ ನೀರು. ಒಂದೇ ಲೋಟ ಇಟ್ಕೊಂಡ್ರೆ ಕಾಲು ಗಂಟೆಯಲ್ಲಿ ಎಲ್ಲ ಬಣ್ಣವೂ ಗದ್ದೆ ಕೆಸರು.

ತಮ್ಮ: ಹತ್ತು ತಿಂಗಳಿಂದ ನೋಡ್ತಾ ಇದ್ದೀನಿ. ಕೇಳಬೇಕು ಅಂತ ಅಂದ್ಕೊಂಡು ಸುಮ್ಮನಾಗ್ತಿದ್ದೆ. ನಿವೃತ್ತಿಯಾಗಿ ಒಂದು ವರ್ಷ ಬಣ್ಣದ ಸುದ್ದಿ ಎತ್ತದವಳು ಆಮೇಲೆ ಒಂದೇ ಸಲಕ್ಕೆ ಹೇಗೆ ಶುರು ಮಾಡಿದೆ?

ಅಕ್ಕ: ಕಣ್ಣಿನಿಂದ ಶುರುವಾಯ್ತು ಕಣೋ. ಪೊರೆ ತೆಗೆಸಿದ್ನಲ್ಲ. ಮೊದಲು ಬಲಗಣ್ಣು ಮಾಡಿದ್ರು, ಎಡಗಣ್ಣು ಒಂದೂವರೆ ತಿಂಗಳು ಬಿಟ್ಟು. ಆ ಒಂದೂವರೆ ತಿಂಗಳು ನಂಗೆ ಎರಡು ಮನೆ, ಎರಡು ಅಂಗಳ ಇದ್ದ ಹಾಗಿತ್ತು. ಎಡಗಣ್ಣು ಮುಚ್ಚಿ ನೋಡಿದ್ರೆ ಗೋಡೆ ಬಿಳಿ. ಬಲಗಣ್ಣು ಮುಚ್ಚಿದ್ರೆ ಅದೇ ಗೋಡೆ ಚಹಾ ಸೋಸಿದ ಬಟ್ಟೆ. ಇಷ್ಟು ವರ್ಷ ಅದನ್ನೇ ಬಿಳಿ ಅಂತ ನಂಬಿದ್ದೆನಲ್ಲ ಅಂತ ಮೈ ಜುಂ ಅಂತು.

ತಮ್ಮ: ವಯಸ್ಸಾಗ್ತಾ ಕಣ್ಣಿನ ಮಸೂರ ಹಳದಿಗೆ ತಿರುಗ್ತದೆ. ಹಳದಿ ಗಾಜು ನೀಲಿ ಬೆಳಕನ್ನ ಒಳಗೆ ಬಿಡೋದು ಕಡಿಮೆ. ವರ್ಷಕ್ಕೆ ಇಷ್ಟಿಷ್ಟೇ ಆಗೋದ್ರಿಂದ ನಮಗೆ ತಿಳಿಯೋದೇ ಇಲ್ಲ. ಫ್ರಾನ್ಸಿನ ಕ್ಲೋದ್ ಮೋನೆಗೆ ಇದೇ ಆಗಿತ್ತು. 1912ರಲ್ಲಿ ಪೊರೆ ಇದೆ ಅಂತ ಗೊತ್ತಾಯ್ತು, ಹೆದರಿ ಹತ್ತು ವರ್ಷ ತಳ್ಳಿದ. ಅಷ್ಟರಲ್ಲಿ ಅವನ ತೋಟದ ಚಿತ್ರಗಳೆಲ್ಲ ಕಂದು, ಕೆಂಪು ಆಗ್ತಾ ಬಂದವು. 1923ರಲ್ಲಿ ಬಲಗಣ್ಣಿನ ಆಪರೇಷನ್ ಆದ ಮೇಲೆ ಎಲ್ಲ ವಿಪರೀತ ನೀಲಿ ಕಾಣ್ತದೆ ಅಂತ ಸಂಕಟಪಟ್ಟನಂತೆ.

ಅಕ್ಕ: ನಂಗೆ ಸಂಕಟ ಆಗಲಿಲ್ಲ. ಬೇಲಿ ಮೇಲಿನ ಶಂಖಪುಷ್ಪದ ಎದುರು ಪೂಜೆಗೆ ಹೂ ಕೊಯ್ಯೋದು ಬಿಟ್ಟು ನಿಂತುಬಿಟ್ಟೆ. ಆ ನೀಲಿ ನಂಗೆ ಗೊತ್ತು, ಎಲ್ಲೋ ಕೈಯಲ್ಲಿ ಹಿಡಿದಿದ್ದೀನಿ ಅನ್ನಿಸ್ತು. ಅಮ್ಮ ಬಟ್ಟೆಗೆ ಹಾಕ್ತಿದ್ದ ನೀಲಿ ಪುಡಿ! ಅವತ್ತೇ ಮಧ್ಯಾಹ್ನ ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಹನ್ನೆರಡು ಬಣ್ಣದ ಡಬ್ಬಿ ತಗೊಂಡೆ. ಅಂಗಡಿಯವನು "ಮೊಮ್ಮಗಳಿಗಾ ಅಮ್ಮ?" ಅಂದ. "ಅಲ್ಲ, ನಂಗೇ" ಅಂದೆ. ಆ ಒಂದು ಮಾತು ಆಡೋಕೆ ಗಂಟಲು ಕಟ್ಟಿತು, ನೋಡು.

ತಮ್ಮ: ನೀಲಿ ಪುಡಿಯದ್ದು ನಂಗೆ ಅಷ್ಟು ನೆನಪಿಲ್ಲ.

ಅಕ್ಕ: ನೀನು ಇನ್ನೂ ತೊಟ್ಟಿಲಲ್ಲಿದ್ದೆ. ಅಪ್ಪನ ಪಂಚೆ ಒಗೆದಾದ ಮೇಲೆ ಅಮ್ಮ ಒಂದು ಚಿಂದಿಯಲ್ಲಿ ನೀಲಿ ಪುಡಿ ಗಂಟು ಕಟ್ಟಿ ಬಕೆಟ್ಟಿನ ನೀರಲ್ಲಿ ಆಡಿಸ್ತಿದ್ಳು. ಆಮೇಲೆ ಅಂಗೈಯಲ್ಲಿ ನೀರೆತ್ತಿ ನೋಡೋಳು. ಜಾಸ್ತಿಯಾದ್ರೆ ಪಂಚೆ ಮೇಲೆ ಮಚ್ಚೆ ಬೀಳ್ತದೆ, ಕಡಿಮೆಯಾದ್ರೆ ಹಳದಿ ಹೋಗಲ್ಲ. ಅವಳು ಆ ಕಡೆ ತಿರುಗಿದ ಕೂಡಲೇ ನಾನು ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಕರಟದಲ್ಲಿ ಬಚ್ಚಿಡ್ತಿದ್ದೆ. ಅರಿಶಿನ ಅಡುಗೆಮನೆಯದ್ದು. ಧರೆಯಿಂದ ಕೆಮ್ಮಣ್ಣು. ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಚೊಗರು, ಅದು ಎಂಥಾ ಕಂದು ಅಂತೀಯ, ಈಗಲೂ ಹೆಗ್ಗೋಡಿನ ಚರಕದವರು ಬಟ್ಟೆಗೆ ಅದೇ ಬಣ್ಣ ಹಾಕ್ತಾರಲ್ಲ. ಕಪ್ಪಿಗೆ ದೀಪದ ಮಸಿ. ಗೇರುಮರದ ಅಂಟು ನೀರಲ್ಲಿ ನೆನೆಸಿ ಇದಕ್ಕೆಲ್ಲ ಬೆರೆಸ್ತಿದ್ದೆ. ಯಾರು ಹೇಳಿಕೊಟ್ಟರು ಅಂತ ನೆನಪಿಲ್ಲ.

ತಮ್ಮ: ಪೇಟೆಯಲ್ಲಿ ಸಿಗೋ ಜಲವರ್ಣದ ಗುಟ್ಟೂ ಅಷ್ಟೇ ತಾನೇ. ಬಣ್ಣದ ಪುಡಿ, ಜೊತೆಗೆ ಮರದ ಅಂಟು. ಅಕೇಶಿಯಾ ಜಾತಿಯ ಮರದ್ದು.

ಅಕ್ಕ: ಒಂದು ವರ್ಷ ದೀಪಾವಳಿಗೆ ಕೊಟ್ಟಿಗೆ ಗೋಡೆಗೆ ಹೊಸ ಸುಣ್ಣ ಬಳಿದಿದ್ರು. ಅಷ್ಟು ದೊಡ್ಡ ಬಿಳಿ ನಾನು ಅಲ್ಲಿವರೆಗೆ ಕಂಡೇ ಇರಲಿಲ್ಲ. ನವಿಲು ಬರೆದೆ, ಪಕ್ಕದಲ್ಲಿ ಸೂರ್ಯಕಾಂತಿ. ಅರಿಶಿನ ಹಚ್ಚಿದ್ದು ನನ್ನ ಕಣ್ಣೆದುರೇ ಕೆಂಪಾಯ್ತು. ದೇವರು ಸಿಟ್ಟಾದ ಅಂತ ಓಡಿಹೋಗಿ ಅಟ್ಟದ ಮೇಲೆ ಕೂತೆ.

ತಮ್ಮ: ಸುಣ್ಣ ತಾಗಿದ ಅರಿಶಿನ ಕೆಂಪಾಗ್ಲೇಬೇಕು. ಓಕುಳಿ ನೀರು ಮಾಡೋದೇ ಹಾಗೆ. ನಾನು ಎಂಟನೇ ಕ್ಲಾಸಿಗೆ ಆಮ್ಲ-ಕ್ಷಾರದ ಪಾಠ ಮಾಡೋದೂ ಅದರಿಂದಲೇ.

ಅಕ್ಕ: ಎಂಟನೇ ಕ್ಲಾಸಿನ ಪಾಠ ನಂಗೆ ಏಳನೇ ವಯಸ್ಸಿನಲ್ಲಿ ಆಯ್ತು ಹಾಗಾದ್ರೆ. ಮಾರನೇ ವರ್ಷ ನೋಡಿದ್ರೆ ಸೂರ್ಯಕಾಂತಿ ಪೂರ್ತಿ ಮಾಸಿತ್ತು. ನವಿಲಿನ ನೀಲಿ ಮಾತ್ರ ಹಾಗೇ ಇತ್ತು.

ತಮ್ಮ: ಅರಿಶಿನದ ಬಣ್ಣ ಬೆಳಕಿಗೆ ತಡೆಯಲ್ಲ. ನೀಲಿ ಉಳಿಯೋಕೆ ಬೇರೆ ಕಾರಣ ಇದೆ. ಆ ಕಾಲದ ಬಟ್ಟೆ ನೀಲಿ ಅಂದ್ರೆ ಏನು ಗೊತ್ತಾ? ಅಲ್ಟ್ರಾಮರೀನ್.

ಅಕ್ಕ: ಏನು?

ತಮ್ಮ: ಅಲ್ಟ್ರಾಮರೀನ್. ಶತಮಾನಗಳ ಕಾಲ ಅದನ್ನ ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಯ ಕಲ್ಲು ಅರೆದು ಮಾಡ್ತಿದ್ರು. ಲ್ಯಾಪಿಸ್ ಲಾಜುಲಿ ಅಂತ ಆ ಕಲ್ಲಿನ ಹೆಸರು. ಯುರೋಪಿನಲ್ಲಿ ಚಿನ್ನದ ಸಮ ತೂಗುವ ಬಣ್ಣ ಅದು, ಮೇರಿಮಾತೆಯ ನಿಲುವಂಗಿಗೆ ಅಂತ ಮೀಸಲು ಇಡ್ತಿದ್ರು. ಇದನ್ನ ಅಗ್ಗವಾಗಿ ಮಾಡಿ ತೋರಿಸಿದವರಿಗೆ 6000 ಫ್ರಾಂಕ್ ಬಹುಮಾನ ಅಂತ 1824ರಲ್ಲಿ ಫ್ರಾನ್ಸಿನಲ್ಲಿ ಸಾರಿದ್ರು. 1828ರಲ್ಲಿ ಗಿಮೆ ಅನ್ನೋನು ಗೆದ್ದ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಎಲ್ಲ ಸೇರಿಸಿ ಕುಲುಮೆಯಲ್ಲಿ ಸುಟ್ಟರೆ ಅದೇ ನೀಲಿ. ಆಮೇಲೆ ಅದು ಎಷ್ಟು ಅಗ್ಗವಾಯ್ತು ಅಂದ್ರೆ ಬಟ್ಟೆ ಒಗೆಯೋ ಕಲ್ಲಿನ ಹತ್ತಿರಕ್ಕೂ ಬಂತು. ಈಗಿನ ಬಾಟಲಿ ನೀಲಿ ಬೇರೆ, ಅದು ನೀರಲ್ಲಿ ಕರಗೋ ಬಣ್ಣ. ಅಮ್ಮನ ಕಾಲದ್ದು ಪುಡಿ, ನೀರಲ್ಲಿ ತೇಲಿ ನೂಲಿನ ಸಂದಿಯಲ್ಲಿ ಕೂರ್ತಿತ್ತು.

ಅಕ್ಕ: ತಡಿ. ಇಲ್ಲಿ ನೋಡು, ನನ್ನ ಡಬ್ಬಿಯ ಈ ಬಿಲ್ಲೆ. "ಅಲ್ಟ್ರಾಮರೀನ್ ಬ್ಲೂ" ಅಂತಲೇ ಇದೆ. ಇದೂ ಅಮ್ಮನ ಡಬ್ಬಿಯದ್ದೂ...

ತಮ್ಮ: ಒಂದೇ.

ಅಕ್ಕ: ಇದನ್ನ ನಂಗೆ ಮೊದಲೇ ಹೇಳಬಾರದಿತ್ತಾ?

ತಮ್ಮ: ನೀನು ಕೇಳಿದ್ಯಾ?

ಅಕ್ಕ: ಕೇಳಲಿಲ್ಲ, ನಿಜ. ನಲವತ್ತೈದು ವರ್ಷ ಬಣ್ಣದ ಮಾತೇ ಯಾರ ಹತ್ತಿರವೂ ಆಡಿರಲಿಲ್ಲ.

ತಮ್ಮ: ಅದನ್ನೇ ಕೇಳಬೇಕು ಅಂತಿದ್ದೆ. ಡ್ರಾಯಿಂಗ್ ಮೇಷ್ಟ್ರು ಮನೆಗೆ ಬಂದಿದ್ರು ಅಂತ ಅಮ್ಮ ಒಂದು ಸಲ ಹೇಳಿದ್ಳು. ನೀನು ಹೇಳಲಿಲ್ಲ.

ಅಕ್ಕ: ಬಂದಿದ್ರು. ನಾನು ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಪಾಸಾಗಿದ್ದೆ. ನೆನಪಿನಿಂದ ಬರೆಯೋ ಚಿತ್ರಕ್ಕೆ ಅಂತಲೇ ಅದರಲ್ಲಿ ಒಂದು ಪತ್ರಿಕೆ. ಎದುರಿಗೆ ಏನೂ ಇಲ್ಲದೆ, ಕಣ್ಣು ಮುಚ್ಚಿ, ಕಂಡದ್ದನ್ನ ಕರೆದು ತರಬೇಕು. ಅದು ನಂಗೆ ಬರ್ತಿತ್ತು. 1979ರಲ್ಲಿ ಎಸ್ಸೆಸ್ಸೆಲ್ಸಿ ಆದಾಗ ಮೇಷ್ಟ್ರು ನಾಲ್ಕು ಮೈಲಿ ನಡೆದು ಬಂದು ಈ ಜಗಲಿ ಮೇಲೇ ಕೂತು ಅಪ್ಪಂಗೆ ಹೇಳಿದ್ರು, "ದಾವಣಗೆರೆಯ ಚಿತ್ರಕಲಾ ಶಾಲೆಗೆ ಕಳಿಸಿ, ಮಗು ಕೈ ಒಳ್ಳೇದಿದೆ" ಅಂತ. ಅಪ್ಪ ಬೆಲ್ಲ, ನೀರು ಕೊಟ್ಟು ಉಪಚಾರ ಮಾಡಿದ್ರು. ಅವರು ಹೋದ ಮೇಲೆ ತುಂಬ ಹೊತ್ತು ಸುಮ್ಮನಿದ್ದು, "ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಇದೆಯಂತೆ ಮಗಾ, ಅದೂ ಡ್ರಾಯಿಂಗೇ, ಕೆಲಸವೂ ಸಿಕ್ತದೆ" ಅಂದ್ರು. ಅಪ್ಪಂಗೆ ಅವೆರಡೂ ಒಂದೇ ಅಂತ ಮನಸಾರೆ ಅನ್ನಿಸಿತ್ತು. ನಂಗೆ ಮೋಸ ಮಾಡಬೇಕು ಅಂತ ಹೇಳಿದ್ದಲ್ಲ.

ತಮ್ಮ: ನಿನ್ನ ಸಂಬಳದಲ್ಲಿ ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದೆ ಅಕ್ಕಾ.

ಅಕ್ಕ: ಮಾಡಿದೆ. ಅದಕ್ಕೇ ಇವತ್ತು ಅಲ್ಟ್ರಾಮರೀನ್ ಅಂದ್ರೆ ಏನು ಅಂತ ನಂಗೆ ಹೇಳೋಕೆ ಬಂತು.

ತಮ್ಮ: ಹಾಗೆ ಮುಚ್ಚಿ ಹಾಕಬೇಡ. ನಿನ್ನ ಪಾಲಿನದ್ದು ನಂಗೆ ಬಂತು ಅಂತ ಒಮ್ಮೊಮ್ಮೆ ರಾತ್ರಿ ಎಚ್ಚರಾಗ್ತದೆ. ನೀನು ಹಲಗೆ ಹಿಡಿದು ಕೂತದ್ದು ನೋಡಿದ ಮೇಲೆ ಇನ್ನೂ ಜಾಸ್ತಿ.

ಅಕ್ಕ: ಮುಚ್ಚಿ ಹಾಕ್ತಿಲ್ಲ ಕಣೋ. ದುಃಖ ಆಗಿತ್ತು. ಐಟಿಐಗೆ ಹೋದ ಮೊದಲ ವಾರ ಹಾಸ್ಟೆಲಿನಲ್ಲಿ ದಿಂಬು ಕಚ್ಚಿ ಅತ್ತೆ. ಹಾಗಂತ ನೀನು ಓದಿದ್ದಕ್ಕೆ ನಾನು ಯಾವತ್ತೂ ಮರುಗಿದವಳಲ್ಲ. ನೀನು ಮೊದಲ ದಿನ ಮೇಷ್ಟ್ರಾಗಿ ಶಾಲೆಗೆ ಹೋದಾಗ ನಂಗಾದ ಸಂತೋಷವೂ ಸುಳ್ಳಲ್ಲ. ಎರಡೂ ನಂದೇ. ಒಂದನ್ನ ಕೊಟ್ಟು ಇನ್ನೊಂದನ್ನ ತೀರಿಸೋಕೆ ಆಗಲ್ಲ, ನೀನೂ ತೀರಿಸೋಕೆ ಹೋಗಬೇಡ.

ತಮ್ಮ: ಸರಿ. ಆದ್ರೆ ಇದು ಹೇಳು. ನಕ್ಷೆ ಕೆಲಸವೂ ಕೈಕೆಲಸವೇ ಅಲ್ವಾ? ಅಷ್ಟು ವರ್ಷ ಗೆರೆ ಎಳೆದವಳು ಚಿತ್ರ ಬಿಟ್ಟಿದ್ದೆ ಅಂತ ಹೇಗೆ ಹೇಳೋದು?

ಅಕ್ಕ: ಎಂಜಿನಿಯರು ಪೆನ್ಸಿಲಿನಲ್ಲಿ ಬರೆದು ಕೊಡ್ತಿದ್ರು. ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ರೋಟ್ರಿಂಗ್ ಪೆನ್ನಿನಲ್ಲಿ ಇಂಕು ಮಾಡೋದು ನನ್ನ ಕೆಲಸ. ಹೊರಗೆರೆಗೆ 0.5, ಅಳತೆ ಗೆರೆಗೆ 0.2. ಕಾಲುವೆಯ ಅಡ್ಡಸೀಳು, ತೂಬು, ಸೇತುವೆ, ಹಳ್ಳಿ ಮುಳುಗಡೆಯ ಗಡಿ. ತಪ್ಪಿದ್ರೆ ಅರ್ಧ ಬ್ಲೇಡು ತಗೊಂಡು ಇಂಕನ್ನ ಕೆರೆದು ತೆಗೀಬೇಕು, ಪೇಪರ್ ಹರಿಯದ ಹಾಗೆ. ಆಮೇಲೆ ಅಮೋನಿಯಾ ಪ್ರಿಂಟ್, ಆ ವಾಸನೆಗೆ ಕಣ್ಣಲ್ಲಿ ನೀರು. ಕೈ ಎಷ್ಟು ಪಳಗಿತ್ತು ಅಂದ್ರೆ ಪಟ್ಟಿ ಇಲ್ಲದೆ ಒಂದಡಿ ನೇರ ಗೆರೆ ಎಳೀತಿದ್ದೆ. ಆ ಕೆಲಸದ ಮೇಲೆ ನಂಗೆ ಗೌರವ ಇದೆ. ನಾನು ಇಂಕು ಮಾಡಿದ ಕಾಲುವೆಯಲ್ಲಿ ಇವತ್ತೂ ನೀರು ಹರೀತಿದೆ. ಆದ್ರೆ ಮರ ಅಂದ್ರೆ ಏನು ಬರೀತಿದ್ದೆ ಗೊತ್ತಾ? ಒಂದು ಸುತ್ತು, ನಡುವೆ ಒಂದು ಚುಕ್ಕೆ. ಮಾವು ಸುತ್ತು, ಹಲಸೂ ಸುತ್ತು. ಸಾವಿರಾರು ಮರ ಬರೆದೆ, ಒಂದನ್ನೂ ನೋಡಿ ಬರೆಯಲಿಲ್ಲ. ಕೊನೆಯ ಇಪ್ಪತ್ತು ವರ್ಷ ಕಂಪ್ಯೂಟರ್ ಬಂತು, ಆ ಸುತ್ತನ್ನೂ ಅದೇ ಹಾಕ್ತಿತ್ತು.

ತಮ್ಮ: ದಿನಾ ಬೆಳಗ್ಗೆ ರಂಗೋಲಿ ಹಾಕ್ತಿದ್ಯಲ್ಲ. ಅದು?

ಅಕ್ಕ: ಅದು ನನ್ನನ್ನ ಉಳಿಸಿತು ಅಂತಲೇ ಹೇಳ್ತೀನಿ. ಶಿವಮೊಗ್ಗದ ಬಾಡಿಗೆಮನೆ ಬಾಗಿಲಲ್ಲಿ ಎರಡಡಿ ಜಾಗ, ಆರಕ್ಕೆದ್ದು ಚುಕ್ಕಿ ಇಟ್ಟು ಎಳೆ ಎಳೆದ್ರೆ ದಿನ ಶುರುವಾದ ಹಾಗೆ. ಮದುವೆ ಆಗಲಿ, ಮಗು ಹುಟ್ಟಲಿ, ಜ್ವರ ಬರಲಿ. ಅದಕ್ಕೆ ಯಾರೂ "ನಿಂಗೆ ಪ್ರತಿಭೆ ಇದೆಯಾ" ಅಂತ ಕೇಳಲ್ಲ ನೋಡು. ನಮ್ಮ ಊರ ದೀವರ ಮನೆಗಳಲ್ಲಿ ಈಗ ಏನು ನಡೀತಿದೆ? ಭೂಮಿ ಹುಣ್ಣಿಮೆ ಬಂತು ಅಂತ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಬ್ರಷ್ ಅದ್ದಿ ಚಿತ್ತಾರ ಬರೀತಾ ಕೂತಿರ್ತಾರೆ. ಎಪ್ಪತ್ತು ದಾಟಿದ ಅಜ್ಜಿ, ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗಳು. ಅಲ್ಲಿ ಯಾರೂ ಹದಿನಾರನೇ ವಯಸ್ಸಿಗೆ ಬಿಟ್ಟು ಅರವತ್ತಕ್ಕೆ ಮತ್ತೆ ಹಿಡಿಯೋದಿಲ್ಲ. ಬುಟ್ಟಿ ಗದ್ದೆಗೆ ಹೋಗಲೇಬೇಕು, ಹಾಗಾಗಿ ಚಿತ್ತಾರ ಆಗಲೇಬೇಕು. ನಾನು ಮೊದಲು ಬ್ರಷ್ ಹಿಡಿಯೋದು ಕಲಿತದ್ದು ಆ ಮನೆಗಳ ಜಗಲಿಯಲ್ಲೇ. ಶಾಲೆ ಬಂದ ಮೇಲೆ ಚಿತ್ರ ಅನ್ನೋದು ಕೈ ಚೆನ್ನಾಗಿರೋ ಇಬ್ಬರ ಪಾಲಿಗೆ ಹೋಯ್ತು. ಉಳಿದ ನಲವತ್ತು ಮಕ್ಕಳು ಪೆನ್ಸಿಲ್ ಕೆಳಗಿಟ್ಟರು. ನಂಗೆ ಇದು ತುಂಬ ದೊಡ್ಡ ನಷ್ಟ ಅನ್ನಿಸ್ತದೆ, ನನ್ನ ದಾವಣಗೆರೆಗಿಂತ ದೊಡ್ಡದು.

ತಮ್ಮ: ಹಾಗಾದ್ರೆ ಈಗ ನೀನು ಆ ಏಳು ವರ್ಷದ ಹುಡುಗಿಯಾಗಿ ಬರೀತಿದ್ದೀಯ. ಚಿಕ್ಕಂದಿನದ್ದು ವಾಪಸ್ ಬಂತು.

ಅಕ್ಕ: ಎಲ್ಲರೂ ಹಾಗೇ ಹೇಳ್ತಾರೆ. ಹಾಗಲ್ಲ. ಆ ಹುಡುಗಿ ನೋಡ್ತಿರಲಿಲ್ಲ ಕಣೋ. ಶಾಲೆಯಲ್ಲಿ "ಸೀನರಿ ಬರೀರಿ" ಅಂದ್ರೆ ನಾವೆಲ್ಲ ಏನು ಬರೀತಿದ್ವಿ ಹೇಳು?

ತಮ್ಮ: ಎರಡು ಬೆಟ್ಟ, ನಡುವೆ ಸೂರ್ಯ. ಬೆಟ್ಟದ ಬುಡದಿಂದ ಒಂದು ಹೊಳೆ. ದಡದಲ್ಲಿ ಗುಡಿಸಲು, ಒಂದು ತೆಂಗಿನಮರ. ಆಕಾಶದಲ್ಲಿ ನಾಲ್ಕು ಹಕ್ಕಿ. ಈಗಲೂ ನನ್ನ ಶಾಲೆ ಮಕ್ಕಳು ಅದನ್ನೇ ಬರೀತಾರೆ.

ಅಕ್ಕ: ನಮ್ಮ ಮನೆ ಹೆಂಚಿನದ್ದು. ಸುತ್ತ ಅಡಿಕೆ ತೋಟ, ಮೇಲೆ ಬ್ಯಾಣ, ಎದುರು ಕಾಡು. ಸೂರ್ಯ ಹುಟ್ಟೋದು ನಮಗೆ ಕಾಣೋದೇ ಇಲ್ಲ, ಏಳೂವರೆಗೆ ಮರದ ತಲೆ ಮೇಲೆ ಬರ್ತಾನೆ. ಆದ್ರೂ ಹತ್ತು ವರ್ಷ ನಾನು ಆ ಎರಡು ಬೆಟ್ಟದ ನಡುವಿನ ಸೂರ್ಯನನ್ನೇ ಬರೆದೆ. ಒಂದೇ ಒಂದು ಅಡಿಕೆಮರ ಬರೆಯಲಿಲ್ಲ! ನಂಗೆ ಪ್ರೀತಿ ಇದ್ದದ್ದು ಬಣ್ಣದ ಮೇಲೆ. ಕರಟದಲ್ಲಿ ನೀಲಿ ಕರಗೋದು, ಚೊಗರು ಒಣಗಿ ಹೊಳೆಯೋದು, ಆ ಸುಖ. ಅದು ಬಂದಿದೆ, ಒಂದು ಕೂದಲೂ ಕೊಂಕದೆ ಬಂದಿದೆ. ಡಬ್ಬಿ ತೆರೆದು ಮೊದಲ ಸಲ ನೀರು ಹಾಕಿದಾಗ ನಾಲಿಗೆಯಲ್ಲಿ ನೀರೂರಿತು. ನೋಡೋದು ಮಾತ್ರ ಹೊಸದು. ಅದನ್ನ ಅರವತ್ತೊಂದಕ್ಕೆ ಶುರು ಮಾಡಿದ್ದೀನಿ.

ತಮ್ಮ: ಮೊದಲು ಏನು ನೋಡಿ ಬರೆದೆ?

ಅಕ್ಕ: ಅಡಿಕೆಮರದ ಕಾಂಡ. ಬೂದಿ ಬಣ್ಣ ಅಂದ್ಕೊಂಡಿದ್ದೆ. ಕೂತು ನೋಡಿದ್ರೆ ಒಂದು ಮಗ್ಗುಲು ಪಾಚಿ ಹಸಿರು, ಬಿಳಿ ಕಲೆ, ಉಂಗುರದ ಕೆಳಗೆ ನೇರಳೆ. ಡಬ್ಬಿಯ ಹಸಿರು ಅಲ್ಲಿ ಎಲ್ಲೂ ಇರಲಿಲ್ಲ. ಆ ಹಸಿರನ್ನ ಅವತ್ತೇ ಬಿಟ್ಟೆ. ಹನ್ನೆರಡರಲ್ಲಿ ಈಗ ನಾನು ಮುಟ್ಟೋದು ಐದೇ ಬಣ್ಣ. ಕಾವಿ ಹಳದಿಗೆ ಅಲ್ಟ್ರಾಮರೀನ್ ಸೇರಿಸಿದ್ರೆ ನಮ್ಮ ತೋಟದ ಹಸಿರು ಬರ್ತದೆ. ಅದೇ ನೀಲಿಗೆ ಸುಟ್ಟ ಸಿಯೆನ್ನಾ ಕಂದು ಸೇರಿಸಿದ್ರೆ ಆಷಾಢದ ಮೋಡ. ಕಂದು ತುಸು ಜಾಸ್ತಿಯಾದ್ರೆ ಹಳೇ ಹೆಂಚು.

ತಮ್ಮ: ಗೆರೆ ಕಷ್ಟ ಆಗಿರಲಿಕ್ಕಿಲ್ಲ.

ಅಕ್ಕ: ಗೆರೆಯೇ ಕಷ್ಟ ಆದದ್ದು. ಕೈ ಹೋದಲ್ಲೆಲ್ಲ ಕಾಲುವೆ ಗೋಡೆ. ಮರದ ಅಂಚು ಎಳೆದ್ರೆ ಕಬ್ಬಿಣದ ಕಂಬ. ಮಳೆಗಾಲದವರೆಗೂ ಹೀಗೇ. ನಂಗೆ ಆಗ ನೆನಪಾದದ್ದು ವೆಂಕಟಪ್ಪನವರು. 1988ರಲ್ಲಿ ಇಲಾಖೆ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಅವರ ಹೆಸರಿನ ಚಿತ್ರಶಾಲೆಗೆ ಹೋಗಿದ್ದೆ, ಮಳೆಗೆ ನಿಲ್ಲೋಕೆ ಜಾಗ ಬೇಕಿತ್ತು, ಅಷ್ಟೇ. ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. ಅವರ ಊಟಿಯ ಜಲವರ್ಣದ ಎದುರು ನಿಂತು, ನಕ್ಷೆಯವಳಲ್ವಾ, ಬೆಟ್ಟದ ಅಂಚು ಎಲ್ಲಿ ಮುಗೀತದೆ ಅಂತ ಹುಡುಕಿದೆ. ಸಿಗಲಿಲ್ಲ. ಬೆಟ್ಟ ಇದ್ದದ್ದು ಮಂಜಾಗಿತ್ತು, ಮಂಜು ಇದ್ದದ್ದು ಆಕಾಶ. ಅಷ್ಟು ಸಣ್ಣ ಕಾಗದದಲ್ಲಿ. ಹೊರಗೆ ಬಂದಾಗ ಮಳೆ ನಿಂತಿತ್ತು, ನಂಗೆ ಎದೆ ಭಾರ. ಆ ದಿನ ಒಂದು ಡಬ್ಬಿ ಬಣ್ಣ ತಗೊಂಡಿದ್ರೆ ಅಂತ ಈಗ ಅನ್ನಿಸ್ತದೆ. ಮಗು ಸಣ್ಣದು, ಬಸ್ಸಿಗೆ ಹೊತ್ತಾಗಿತ್ತು.

ತಮ್ಮ: ಗೆರೆ ಬಿಡೋದು ಹೇಗೆ ಕಲಿತೆ?

ಅಕ್ಕ: ಮಳೆಗಾಲ ಕಲಿಸಿತು. ಫೋನಿನಲ್ಲಿ ಪಾಠ ಹೇಳೋರು "ಐದು ನಿಮಿಷ ಒಣಗಲು ಬಿಡಿ" ಅಂತಾರೆ. ಅವರಿಗೆ ನಮ್ಮ ಶ್ರಾವಣ ಗೊತ್ತಿಲ್ಲ. ಇಲ್ಲಿ ಒಂದು ತೆಳು ಬಣ್ಣ ಬಳಿದ್ರೆ ಒಂದು ಗಂಟೆಯಾದ್ರೂ ಕಾಗದ ಹಸಿಯೇ. ಬಣ್ಣದ ಬಿಲ್ಲೆಗೆ ಬೂಷ್ಟು ಬರ್ತದೆ, ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡಬೇಕು. ಹಸಿ ಕಾಗದದ ಮೇಲೆ ಇನ್ನೊಂದು ಬಣ್ಣ ಇಟ್ರೆ ಅದು ತಾನೇ ನಡೀತದೆ, ನಾನು ಎಳೆಯೋಕೆ ಆಗಲ್ಲ. ಮೊದಲು ಅಳು ಬಂತು. ಆಮೇಲೆ ಒಂದು ದಿನ ಎದುರಿನ ಕಾಡು ನೋಡಿದ್ರೆ ಅಲ್ಲೂ ಹಾಗೇ ನಡೀತಿತ್ತು, ಮೋಡ ಮರದೊಳಗೆ ಇಳೀತಾ. ಹಳೇ ಡ್ರಾಯಿಂಗ್ ಶೀಟು ನೆಂದರೆ ಹಪ್ಪಳದ ಹಾಗೆ ಏಳ್ತಿತ್ತು, ಅದಕ್ಕೇ ಹತ್ತಿಯ ದಪ್ಪ ಕಾಗದ ತರಿಸಿದೆ, 300 ಜಿ.ಎಸ್.ಎಂ.ನದ್ದು. ಒಂದು ಹಾಳೆ ಬೆಲೆ ಕೇಳಿದ್ರೆ ಅಪ್ಪ ಏನಂತಿದ್ರೋ. ಎರಡು ಕಡೆಯೂ ಬರೀತೀನಿ.

ತಮ್ಮ: ಕವಿ ರವೀಂದ್ರನಾಥ ಟಾಗೋರರೂ ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಕೂತವರು. ಮೊದಲ ಪ್ರದರ್ಶನ 1930ರಲ್ಲಿ, ಪ್ಯಾರಿಸ್ಸಿನಲ್ಲಿ. ಆಗ ಅವರಿಗೆ ಅರವತ್ತೊಂಬತ್ತು. ಕೊನೆಗೆ ಎರಡು ಸಾವಿರಕ್ಕೂ ಮೇಲೆ ಚಿತ್ರ ಬಿಟ್ಟು ಹೋದರು. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನ ಒಂದಕ್ಕೊಂದು ಸೇರಿಸ್ತಾ ಹೋಗಿ, ಆ ಕಾಟು ಗೀಟುಗಳೇ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಆದವಂತೆ.

ಅಕ್ಕ: ಹೊಡೆದು ಹಾಕಿದ್ದರಿಂದಲಾ?

ತಮ್ಮ: ಹೌದು. ಹಾಗೆ ಶುರುವಾದದ್ದು.

ಅಕ್ಕ: ನೋಡು, ಇದು ನಂಗೆ ಬೇಕಾಗಿತ್ತು. ಹದಿನೆಂಟು ವರ್ಷ ಅರ್ಧ ಬ್ಲೇಡಿನಲ್ಲಿ ನಾನು ತಪ್ಪು ಕೆರೆದೆ. ಕೆರೆದ ಜಾಗ ಬೆಳಕಿಗೆ ಹಿಡಿದ್ರೂ ಕಾಣಬಾರದು, ಅದು ನನ್ನ ಹೆಮ್ಮೆ. ಈಗ ಬಣ್ಣ ಹರಿದು ಹೋದ್ರೆ ಕೈ ತಾನಾಗಿ ಬ್ಲೇಡು ಹುಡುಕ್ತದೆ. ಹೋದ ತಿಂಗಳು ಬೇಲಿ ಬರೆಯುವಾಗ ನೀರು ಜಾಸ್ತಿಯಾಗಿ ಹೂಕೋಸಿನ ಹಾಗೆ ಒಂದು ಕಲೆ ಎದ್ದಿತು. ಹಾಳಾಯ್ತು ಅಂತ ಮಗುಚಿ ಇಟ್ಟೆ. ಎರಡು ದಿನ ಬಿಟ್ಟು ತೆಗೆದು ನೋಡಿದ್ರೆ ಆ ಇಡೀ ಚಿತ್ರದಲ್ಲಿ ಮಳೆ ಬಂದ ಹಾಗೆ ಕಂಡದ್ದು ಆ ಒಂದು ಜಾಗ. ಅದು ನನ್ನ ಕೈ ಮಾಡಿದ್ದಲ್ಲ, ಆದ್ರೆ ನನ್ನ ಹಲಗೆ ಮೇಲೇ ಆದದ್ದು. ಅದನ್ನ ಹಾಗೇ ಬಿಡೋಕೆ ನಂಗೆ ಎಷ್ಟು ಧೈರ್ಯ ಬೇಕಾಯ್ತು ಅಂತ ನಿಂಗೆ ಹೇಗೆ ಹೇಳಲಿ.

ತಮ್ಮ: ಬೆಂಗಳೂರಿನ ಚಿತ್ರಸಂತೆಗೆ ತಗೊಂಡು ಹೋಗು. ಜನವರಿಯಲ್ಲಿ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ.

ಅಕ್ಕ: ನೋಡೋಕೆ ಹೋಗ್ತೀನಿ. ಮಾರೋದು ಸದ್ಯಕ್ಕೆ ಬೇಡ. ಮೂವತ್ತೆಂಟು ವರ್ಷ ನನ್ನ ಗೆರೆಗೆಲ್ಲ ಒಂದು ಫೈಲ್ ನಂಬರ್ ಇತ್ತು, ಯಾರೋ ಕೇಳಿದ್ದಕ್ಕೇ ಎಳೆದದ್ದು. ಇದನ್ನ ಯಾರೂ ಕೇಳಿಲ್ಲ. ಇನ್ನೂ ಸ್ವಲ್ಪ ಕಾಲ ಯಾರೂ ಕೇಳದೆ ಇರಲಿ. ನಮ್ಮಲ್ಲಿ ಚಿತ್ರ ಬರಿ ಅಂತಾರೆ, ಚಿತ್ರ ಬಿಡಿಸು ಅಂತಲೂ ಅಂತಾರಲ್ಲ. ಬರೆಯೋದು ನಂಗೆ ಕಚೇರಿಯಲ್ಲಿ ಬಂತು. ಈಗ ಮಾಡ್ತಿರೋದು ಬಿಡಿಸೋದು, ಹಲಸಿನ ತೊಳೆ ಬಿಡಿಸಿದ ಹಾಗೆ. ಕೈಗೆಲ್ಲ ಮೇಣ ಅಂಟ್ತದೆ.

ತಮ್ಮ: ಇವತ್ತು ಏನು ಬಿಡಿಸ್ತಿದ್ದೀಯ?

ಅಕ್ಕ: ಅಂಗಳದ ಹಗ್ಗ. ನಿನ್ನ ಪಂಚೆ.

ತಮ್ಮ: ಸುತ್ತ ಎಲ್ಲ ಬಳಿದು ಪಂಚೆ ಜಾಗ ಖಾಲಿ ಬಿಟ್ಟಿದ್ದೀಯಲ್ಲ.

ಅಕ್ಕ: ಜಲವರ್ಣದಲ್ಲಿ ಬಿಳಿ ಹಾಕೋದಿಲ್ಲ, ಬಿಡೋದು. ಕಾಗದವೇ ಬಿಳಿ. ಒಮ್ಮೆ ಬಣ್ಣ ತಾಗಿತು ಅಂದ್ರೆ ಆ ಬಿಳಿ ಮತ್ತೆ ಪೂರ್ತಿ ಸಿಕ್ಕೋದಿಲ್ಲ. ಅದಕ್ಕೆ ಮೊದಲೇ ತೀರ್ಮಾನ ಮಾಡಬೇಕು, ಯಾವುದನ್ನ ಮುಟ್ಟಬಾರದು ಅಂತ. ಈಗ ಅದರ ಮಡಿಕೆ ನೋಡು. ನೆರಳು ಬಿದ್ದಲ್ಲಿ ಏನು ಬಣ್ಣ?

ತಮ್ಮ: ಬೂದಿ... ಅಲ್ಲ. ನೀಲಿ. ನಾವು ಈಗ ನೀಲಿ ಹಾಕೋದೇ ಇಲ್ಲ, ಮಷಿನ್ನಿಗೆ ಹಾಕಿ ತೆಗೆಯೋದು.

ಅಕ್ಕ: ಮತ್ತೆ ಎಲ್ಲಿಂದ ಬಂತು?

ತಮ್ಮ: ಆಕಾಶದಿಂದ. ಬಿಸಿಲು ನೇರ ತಾಗದ ಜಾಗಕ್ಕೆ ಬೆಳಕು ಬರೋದು ಆಕಾಶದ್ದು ಮಾತ್ರ. ಅದು ನೀಲಿ, ಹಾಗಾಗಿ ನೆರಳೂ ನೀಲಿ. ಬಿಳಿ ಬಟ್ಟೆ ಮೇಲೆ ಚೆನ್ನಾಗಿ ಕಾಣ್ತದೆ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ನನ್ನದೇ ಪಂಚೆ ಮೇಲೆ ನೋಡಿರಲಿಲ್ಲ.

ಅಕ್ಕ: ಪೊರೆ ಇದ್ದಾಗ ನಂಗೂ ಕಾಣ್ತಿರಲಿಲ್ಲ. ಆ ಬಿಳಿ ತಟ್ಟೆ ಇತ್ತ ತಳ್ಳು. ಅಲ್ಟ್ರಾಮರೀನ್ ಒಂದು ತೊಟ್ಟು, ನೀರು ಜಾಸ್ತಿ.

ತಮ್ಮ: ಇದು ದಪ್ಪ ಆಯ್ತಾ?

ಅಕ್ಕ: ಆಯ್ತು. ಮಚ್ಚೆ ಬೀಳ್ತದೆ. ಇನ್ನೊಂದು ಚಮಚ ನೀರು. ಇನ್ನೂ ಸ್ವಲ್ಪ. ತಡಿ, ಅಂಗೈಗೆ ಹಾಕು ನೋಡೋಣ.

ತಮ್ಮ: ಅಮ್ಮ ನೋಡ್ತಿದ್ದ ಹಾಗೆ.

ಅಕ್ಕ: ಹೂಂ. ಅಂಗೈ ಗೆರೆ ಕಾಣಬೇಕು, ನೀಲಿ ಇದೆ ಅಂತಲೂ ಗೊತ್ತಾಗಬೇಕು. ಈಗ ಸರಿಯಾಯ್ತು. ನೀನು ಆ ಕಡೆ ಸರಿದು ಕೂತ್ಕೋ, ನೆರಳು ಬೀಳ್ತಿದೆ. ಬಿಸಿಲು ಕಂಬದ ಹತ್ತಿರ ಬಂತು, ಇನ್ನು ಮಾತು ಬೇಡ.